ಕಬ್ಬಿಣ ತಾಗಿಸಬಾರದ ಮರ

ಉಡುಪಿ
ಆಟಿ ಅಮಾವಾಸ್ಯೆ

ಪ್ರಿಯ ಮಿತ್ರನಿಗೆ,

ಕಳೆದ ತಿಂಗಳು ನೀನು ಫೋನಿನಲ್ಲಿ ಕೇಳಿದ ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲ. ಬಸ್ಸಿನಲ್ಲಿದ್ದೇನೆ, ಸರಿಯಾಗಿ ಕೇಳಿಸುತ್ತಿಲ್ಲ ಎಂದು ಸುಳ್ಳು ಹೇಳಿ ಫೋನ್ ಇಟ್ಟುಬಿಟ್ಟೆ. ನಾನಿದ್ದದ್ದು ಮನೆಯ ಜಗಲಿಯಲ್ಲಿ, ನಿನ್ನ ಮಾತು ಕೇಳಿಸಿತ್ತು. "ನಾನು ಕೊಟ್ಟ ರಕ್ತದ ಕಬ್ಬಿಣವೂ ನಿನ್ನ ಮಗಳ ಹೃದಯದಲ್ಲಿ ಸೇರಿತ್ತಲ್ಲವೇ?" ಎಂದು ನೀನು ಕೇಳಿದ್ದೆ.

ಇವತ್ತು ಬೆಳಿಗ್ಗೆ ಆಟಿ ಅಮಾವಾಸ್ಯೆಯ ರೂಢಿಯಂತೆ ಪಾಲೆ ಮರದ ತೊಗಟೆಯ ಕಷಾಯ ಮಾಡಿದೆವು. ಮಳೆ ಸ್ವಲ್ಪ ಬಿಟ್ಟಿತ್ತು. ಸೂರ್ಯ ಹುಟ್ಟುವ ಮೊದಲೇ ತೋಡಿನ ಆಚೆಯ ಮರದ ಬುಡಕ್ಕೆ ಹೋಗಿ ಕಲ್ಲಿನಿಂದ ಜಜ್ಜಿ ಕೆತ್ತೆ ತಂದೆ. ಕತ್ತಿ ತಾಗಿಸಬಾರದು ಎಂಬ ಕಟ್ಟುಪಾಡು ನಿನಗೂ ಗೊತ್ತು. ಪುಟ್ಟಿಗೆ ಒಂಬತ್ತು ವರ್ಷವಾಗಿದ್ದಾಗ ಟಾರ್ಚು ಹಿಡಿದುಕೊಂಡು ನನ್ನ ಜೊತೆಗೆ ಬಂದವಳು, ಕತ್ತಿ ಯಾಕೆ ಬೇಡ ಎಂದು ಕೇಳಿದಳು. ಕಬ್ಬಿಣ ತಾಗಬಾರದಂತೆ, ಹಿರಿಯರು ಹೇಳುತ್ತಾರೆ ಎಂದೆ. ಅವಳು ಮರವನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ಪಾಪ, ಇದಕ್ಕೂ ನನ್ನ ಹಾಗೆ ಕಬ್ಬಿಣ ಆಗುವುದಿಲ್ಲ" ಎಂದಳು. ಮನೆಗೆ ಬಂದು, ಕಾಯಿಸಿದ ಬೆಣಚುಕಲ್ಲನ್ನು ಪಾತ್ರೆಗೆ ಹಾಕಿ ಅದು ಚುಂಯ್ ಎನ್ನುವುದನ್ನು ನೋಡಿದ ಮೇಲೆ ಒಂದೇ ಗುಟುಕಿಗೆ ಕಷಾಯ ಕುಡಿದು ಮುಗಿಸಿದಳು. ಮೆಂತೆ ಗಂಜಿಯನ್ನು ಕಾಯಲೂ ಇಲ್ಲ. ಕಹಿ ಅವಳಿಗೆ ಅಭ್ಯಾಸವಾಗಿತ್ತು.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಸೊಸೈಟಿಯಲ್ಲಿ ಇಪ್ಪತ್ತೆಂಟು ವರ್ಷ ಲೆಕ್ಕ ಬರೆದವನು ನಾನು, ಆದ್ದರಿಂದ ಲೆಕ್ಕದಿಂದಲೇ ಶುರು ಮಾಡುತ್ತೇನೆ. 2007ರಲ್ಲಿ, ಅವಳಿಗೆ ಎಂಟು ತಿಂಗಳಾಗಿದ್ದಾಗ, ಥಲಸ್ಸೇಮಿಯಾ ಮೇಜರ್, ಅಂದರೆ ಮೈ ತನಗೆ ಬೇಕಾದಷ್ಟು ಒಳ್ಳೆಯ ರಕ್ತ ಮಾಡಿಕೊಳ್ಳಲಾರದ ಹುಟ್ಟುಕಾಯಿಲೆ ಎಂದು ಗೊತ್ತಾಯಿತು. ನನ್ನಲ್ಲೂ ಹೆಂಡತಿಯಲ್ಲೂ ಅದರ ಒಂದೊಂದು ಪಾಲು ಅಡಗಿತ್ತು. ನಾವಿಬ್ಬರೂ ಗಟ್ಟಿಮುಟ್ಟಾಗಿಯೇ ಇದ್ದೆವು, ಮದುವೆಗೆ ಜಾತಕ ನೋಡಿದ್ದೆವು, ರಕ್ತ ನೋಡಿರಲಿಲ್ಲ. ಇಂಥ ತಂದೆತಾಯಿಗೆ ಪ್ರತಿ ಮಗುವಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಈ ಕಾಯಿಲೆ ಬರುವ ಸಂಭವ. ಅಲ್ಲಿಂದ 2023ರ ತನಕ ಸುಮಾರು ಮೂರು ವಾರಗಳಿಗೊಮ್ಮೆ ರಕ್ತ ಹಾಕಿಸಿದೆವು. ನನ್ನ ನೋಟುಪುಸ್ತಕದಲ್ಲಿ ಒಟ್ಟು 412 ಬಾಟಲಿ. ಒಂದು ಬಾಟಲಿ ರಕ್ತದಲ್ಲಿ ಹತ್ತಿರಹತ್ತಿರ 200 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ನಾವೆಲ್ಲ ಊಟದಿಂದ ದಿನಕ್ಕೆ ಹೀರಿಕೊಳ್ಳುವುದು ಒಂದೆರಡು ಮಿಲಿಗ್ರಾಂ ಮಾತ್ರ, ಮತ್ತು ಹೆಚ್ಚಾದದ್ದನ್ನು ತಾನಾಗಿ ಹೊರಗೆ ಹಾಕುವ ದಾರಿ ಮನುಷ್ಯನ ದೇಹಕ್ಕೆ ಇಲ್ಲ. ಅದು ಪಿತ್ತಜನಕಾಂಗದಲ್ಲಿ, ಗ್ರಂಥಿಗಳಲ್ಲಿ, ಕೊನೆಗೆ ಹೃದಯದಲ್ಲಿ ಹೋಗಿ ಕೂರುತ್ತದೆ.

2009ರಿಂದ 2018ರಲ್ಲಿ ನೀನು ಮುಂಬಯಿಗೆ ಹೋಗುವ ತನಕ 31 ಸಲ ಕೊಟ್ಟಿದ್ದೀಯ. ಎಲ್ಲವೂ ಅವಳಿಗೇ ಬಂತೆಂದು ಇಟ್ಟುಕೊಂಡರೂ ನಿನ್ನ ಪಾಲಿನ ಕಬ್ಬಿಣ ಆರು ಗ್ರಾಂ. ಹೌದು ಮಾರಾಯ, ನಿನ್ನದೂ ಇತ್ತು. ಇರಲಿಲ್ಲ ಎಂದು ಹೇಳಿ ನಿನ್ನನ್ನು ಸಮಾಧಾನ ಮಾಡಲಾರೆ, ಸುಳ್ಳು ಸಮಾಧಾನಗಳನ್ನು ನಾನೇ ಸಾಕಷ್ಟು ಕೇಳಿದ್ದೇನೆ.

ಆದರೆ ಆ ಕಬ್ಬಿಣವನ್ನು ಹೊರಗೆ ತೆಗೆಯುವ ಕೆಲಸ ನಿನ್ನದಾಗಿರಲಿಲ್ಲ, ನನ್ನದಾಗಿತ್ತು. ಚಿಕ್ಕಂದಿನಲ್ಲಿ ರಾತ್ರಿ ಹೊಟ್ಟೆಯ ಚರ್ಮದ ಕೆಳಗೆ ಸೂಜಿ ಚುಚ್ಚಿ, ಸಣ್ಣ ಪಂಪಿನಿಂದ ಎಂಟು ಹತ್ತು ಗಂಟೆ ಔಷಧ ಹೋಗುವಂತೆ ಮಾಡಬೇಕಿತ್ತು, ವಾರಕ್ಕೆ ಐದು ರಾತ್ರಿ. ಅದನ್ನು ಹೆಂಡತಿ ಮಾಡುತ್ತಿದ್ದಳು. ನಾನು ಅಂಗಳದಲ್ಲಿ ನಿಂತಿರುತ್ತಿದ್ದೆ. ಆಮೇಲೆ ಮಾತ್ರೆ ಬಂತು. ಬೆಳಿಗ್ಗೆ ಗಾಜಿನ ಲೋಟದ ನೀರಿನಲ್ಲಿ ಅದನ್ನು ಕದಡಿ ಖಾಲಿ ಹೊಟ್ಟೆಗೆ ಕುಡಿಯಬೇಕು, ತಳದಲ್ಲಿ ಉಳಿದ ಬಿಳಿ ಗಸಿಗೆ ಇನ್ನಷ್ಟು ನೀರು ಹಾಕಿ ಅದನ್ನೂ ಕುಡಿಯಬೇಕು, ಮತ್ತೆ ಅರ್ಧ ಗಂಟೆ ಏನೂ ತಿನ್ನಬಾರದು. ಪಂಪು ಹೋದದ್ದೇ ಸ್ವರ್ಗ ಸಿಕ್ಕಿದಂತಾಗಿ ನಾನು ಮೈಮರೆತೆ ಎಂದು ಕಾಣುತ್ತದೆ.

2020ರಲ್ಲಿ ಲಾಕ್‌ಡೌನ್ ಬಂತು. ರಕ್ತದಾನ ಶಿಬಿರಗಳು ನಿಂತುಹೋದವು. ಮೊದಲೇ ಏಪ್ರಿಲ್, ಮೇ ತಿಂಗಳಲ್ಲಿ ಕಾಲೇಜುಗಳಿಗೆ ರಜೆಯಾಗಿ ರಕ್ತದ ಕೊರತೆ. ಮೇಲಾಗಿ ಅವಳದು ಬಿ ನೆಗೆಟಿವ್. ನಾನು ಪಾಸು ಹಿಡಿದುಕೊಂಡು ದಾನಿಗಳ ಮನೆಮನೆ ತಿರುಗುತ್ತಿದ್ದೆ, ಒಳಗೆ ಬರುವ ರಕ್ತದ ಚಿಂತೆಯಲ್ಲಿ ಹೊರಗೆ ಹೋಗಬೇಕಾದ ಕಬ್ಬಿಣವನ್ನು ಮರೆತಿದ್ದೆ. ಆ ವರ್ಷ, ಮೈಯಲ್ಲಿ ಕೂತ ಕಬ್ಬಿಣದ ಮಟ್ಟ ತೋರಿಸುವ ಫೆರಿಟಿನ್ 4,000 ದಾಟಿತು. ಸಾವಿರದ ಆಸುಪಾಸಿನಲ್ಲಿ ಇರಬೇಕಾದದ್ದು. ವೈದ್ಯರು ಮಾತ್ರೆಯ ಪ್ರಮಾಣ ಏರಿಸಿದರು, ಆದರೂ ಅದು ಇಳಿಯಲಿಲ್ಲ. ಒಂದು ಬೆಳಿಗ್ಗೆ ಹಿತ್ತಲಿನ ದಾಸವಾಳದ ಬುಡದಲ್ಲಿ, ಮಳೆ ತಾಗದ ಕಡೆ, ಮಣ್ಣಿನ ಮೇಲೆ ಸುಣ್ಣದ ನೀರು ಚೆಲ್ಲಿದಂತೆ ಬಿಳಿ ಪದರು ಕಂಡಿತು. ಬೆರಳಿನಿಂದ ಕೆರೆದು ನೋಡಿದೆ. ಎಷ್ಟು ತಿಂಗಳಿನದೋ.

ಅವಳು ಅಳಲಿಲ್ಲ, ಸುಳ್ಳೂ ಹೇಳಲಿಲ್ಲ. ಕುಡಿದರೆ ಹೊಟ್ಟೆ ನೋಯುತ್ತದೆ ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಎಲ್ಲರ ಹಾಗೆ ಎದ್ದ ಕೂಡಲೇ ಒಂದು ಚಾ ಕುಡಿಯಬೇಕೆಂದು ಆಸೆಯಾಗಿತ್ತು" ಎಂದಳು. ಹದಿನಾಲ್ಕು ವರ್ಷದ ಹುಡುಗಿಗೆ ಅದಕ್ಕೆ ಏನು ಉತ್ತರ ಹೇಳಬೇಕೆಂದು ನನಗೆ ಅವತ್ತೂ ತಿಳಿಯಲಿಲ್ಲ. ನಾನು ಬೈದೆ, ತುಂಬ ಬೈದೆ. ಈಗ ಬೆಳಿಗ್ಗೆ ಚಾ ಕುಡಿಯುವಾಗ ಕೆಲವೊಮ್ಮೆ ಲೋಟ ಕೆಳಗಿಡುತ್ತೇನೆ.

ಮುಂದಿನದನ್ನು ಉದ್ದ ಬರೆಯುವುದಿಲ್ಲ. ಮಾತ್ರೆಯ ಜೊತೆಗೆ ಪಂಪೂ ಮರಳಿ ಬಂತು, ಎಂಆರ್‌ಐಯಲ್ಲಿ ಹೃದಯದ ಕಬ್ಬಿಣ ಕಾಣಿಸಿತು, ನಾಡಿ ತಪ್ಪತೊಡಗಿತು, ಹದಿನೇಳು ದಾಟಿದ ಮೇಲೆ ಒಂಬತ್ತು ದಿನ ಐಸಿಯುವಿನಲ್ಲಿದ್ದಳು.

ಅವಳ ಉತ್ತರಕ್ರಿಯೆಯ ಬೊಜ್ಜಕ್ಕೆ ಬಂದವರಲ್ಲಿ ಬಹಳ ಮಂದಿ "ನೋವಿನಿಂದ ಬಿಡುಗಡೆಯಾಯಿತು" ಎಂದರು. ನೀನೂ ಅದನ್ನೇ ಹೇಳಿದ್ದೆ, ಪ್ರೀತಿಯಿಂದಲೇ ಹೇಳಿದ್ದೆ. ಆ ಮಾತು ಮಾತ್ರ ನನಗೆ ಇಂದಿಗೂ ಇಳಿದಿಲ್ಲ. ಇಪ್ಪತ್ತೊಂದು ದಿನಗಳಲ್ಲಿ ಆಸ್ಪತ್ರೆಗೆ ಹೋಗುತ್ತಿದ್ದದ್ದು ಒಂದು ದಿನ. ಸರದಿ ಹತ್ತಿರ ಬಂದಾಗ ಮೂರು ನಾಲ್ಕು ದಿನ ಮುಖ ಬಿಳಿಚಿಕೊಂಡು, ಮೆಟ್ಟಿಲು ಹತ್ತಲು ಏದುಸಿರು ಬಿಡುತ್ತಿದ್ದಳು. ರಾತ್ರಿಯ ಸೂಜಿ, ಬೆಳಗಿನ ಲೋಟ ಇದ್ದವು, ನಿಜ. ಉಳಿದದ್ದೆಲ್ಲ ಅವಳದೇ ಆಗಿತ್ತು. ರಕ್ತ ಹಾಕಿಸಿದ ಮೂರನೆಯ ದಿನ ಅವಳ ಕೆನ್ನೆಗೆ ಬಣ್ಣ ಬಂದು, ಮನೆಯಲ್ಲಿ ಯಾರೂ ತಡೆಯಲಾರದಷ್ಟು ಗಲಾಟೆ ಶುರುವಾಗುತ್ತಿತ್ತು. ಅದನ್ನು ಕಂಡುಕೊಂಡವಳು ಅವಳೇ. ಹನ್ನೊಂದನೆಯ ವಯಸ್ಸಿನಿಂದ ಕ್ಯಾಲೆಂಡರು ಅವಳ ಕೈಯಲ್ಲಿತ್ತು: ಕೃಷ್ಣಾಷ್ಟಮಿಯ ಮರುದಿನದ ವಿಟ್ಲಪಿಂಡಿಯಿಂದ ಹಿಂದಕ್ಕೆ ಎಣಿಸಿ, ನಾಲ್ಕು ದಿನ ಮೊದಲು ಸರದಿ ಬರುವಂತೆ ಜೂನ್ ತಿಂಗಳಿನಿಂದಲೇ ಒಂದೊಂದು ದಿನ ಹಿಂದೆ ಮುಂದೆ ಮಾಡಿಸುತ್ತಿದ್ದಳು. ಎಷ್ಟೋ ದೊಡ್ಡವರಿಗೆ ಬಾರದ ಲೆಕ್ಕ ಅದು. ರಥಬೀದಿಯಲ್ಲಿ ತಾಸೆಯ ಪೆಟ್ಟು ಬಿದ್ದ ಕೂಡಲೇ ಹುಲಿವೇಷಗಳ ಹಿಂದೆ ಓಡುತ್ತಿದ್ದ ಆ ಹುಡುಗಿಯ ಬೆನ್ನು ಹಿಡಿಯಲಾರದೆ ನೀನೂ ನಾನೂ ಒಂದು ವರ್ಷ ಸೋಡಾ ಅಂಗಡಿಯ ಮುಂದೆ ಕೂತದ್ದು ನೆನಪಿದೆಯೇ? ಥಲಸ್ಸೇಮಿಯಾ ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿದೆ. ಅದರ ಕಾರ್ಡು ಕೈಗೆ ಬಂದ ದಿನ ಅವಳು ಅದನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಚಾವಡಿಯಲ್ಲಿ ಹುಲಿ ಕುಣಿದಳು. ಮರುವಾಯಿ ಎಂಬ ಚಿಪ್ಪುಮೀನಿನಲ್ಲಿ ಕಬ್ಬಿಣ ಜಾಸ್ತಿ, ಬೇಡ ಎಂದು ವೈದ್ಯರು ಹೇಳಿದ್ದರು. ಅಜ್ಜಿಯ ಮನೆಯಲ್ಲಿ ಅವಳು ಎಷ್ಟು ಮರುವಾಯಿ ಪುಂಡಿ ತಿಂದಿದ್ದಾಳೆಂದು ನನ್ನ ನೋಟುಪುಸ್ತಕದಲ್ಲಿ ಇಲ್ಲ.

ನಿನ್ನ ಆರು ಗ್ರಾಮಿನ ಲೆಕ್ಕ ಬರೆಯುವವನು ಅದರ ಎದುರಿನ ಕಾಲಮ್ಮಿನಲ್ಲಿ ಇದನ್ನೂ ಬರೆಯಬೇಕಾಗುತ್ತದೆ. ರಕ್ತ ಇಲ್ಲದಿದ್ದರೆ ಇಂಥ ಮಕ್ಕಳು ಐದು ವರ್ಷ ದಾಟುವುದು ಕಷ್ಟ. ಅವಳು ಹದಿನೇಳು ದಾಟಿದಳು.

ಅವಳು ಹೋದ ಮೇಲೆ ನೀನು ರಕ್ತ ಕೊಟ್ಟಿಲ್ಲ ಎಂದು ನಿನ್ನ ಮಗ ಹೇಳಿದ. ಈ ಪತ್ರ ಬರೆಯಲು ನಿಜವಾದ ಕಾರಣ ಅದು. ರಕ್ತನಿಧಿಯವರು ಈಗಲೂ ನನಗೆ ಫೋನ್ ಮಾಡುತ್ತಾರೆ, ನನ್ನಲ್ಲಿ ದಾನಿಗಳ ಪಟ್ಟಿ ಇದೆಯಲ್ಲ. ಬೈಂದೂರು ಕಡೆಯ ಆರು ವರ್ಷದ ಒಬ್ಬ ಹುಡುಗ ಬರುತ್ತಾನೆ, ಅದೇ ಕಾಯಿಲೆ, ಅದೇ ಬಿ ನೆಗೆಟಿವ್. ಅವನ ಅಪ್ಪನಿಗೆ ನಾನು ಹೇಳಿಕೊಟ್ಟದ್ದು ಒಂದೇ: ಮಾತ್ರೆ ಕುಡಿಯುವಾಗ ಎದುರು ಕೂತುಕೊಳ್ಳಿ, ನೀವೂ ಚಾ ಕುಡಿಯದೆ ಅರ್ಧ ಗಂಟೆ ಕಾಯಿರಿ.

ನಮ್ಮಿಬ್ಬರಿಗೂ 54. ಆರೋಗ್ಯ ಸರಿಯಿದ್ದರೆ 65ರ ತನಕ ಕೊಡಬಹುದು. ಚೌತಿಗೆ ಊರಿಗೆ ಬರುವವನು ಒಂದು ದಿನ ಹೆಚ್ಚು ನಿಲ್ಲು, ನಾನು ಬೈಕಿನಲ್ಲಿ ಕರೆದುಕೊಂಡು ಹೋಗುತ್ತೇನೆ. ತಿಂಡಿ ತಿಂದೇ ಹೊರಡು. ಮೊದಲನೆಯ ಸಲ ಶೌರ್ಯ ತೋರಿಸಲು ಖಾಲಿ ಹೊಟ್ಟೆಯಲ್ಲಿ ಬಂದು, ಕೊಟ್ಟ ಮೇಲೆ ಬಾಗಿಲ ಬಳಿ ಕುಸಿದವನು ನೀನು. ಮೂರು ವರ್ಷದ ಪುಟ್ಟಿ ನನ್ನ ಸೊಂಟದಿಂದ ಇಳಿದು ಬಂದು, ತಾನು ಅರ್ಧ ತಿಂದಿದ್ದ ಬಿಸ್ಕತ್ತನ್ನು "ಮಾಮಾ, ತಿನ್ನು" ಎಂದು ನಿನ್ನ ಬಾಯಿಗೆ ತುರುಕಿದ್ದಳು.

ನಿನ್ನ ಗೆಳೆಯ