ಕ್ವೆರಿ ಒಳಗೆ ಏನಾಗುತ್ತದೆ ಎಂದೂ ತೋರಿಸಿ

ಮಾನ್ಯರೇ,

ನಾನು ಗೋದಾಮಿನ ದಾಸ್ತಾನು ಲೆಕ್ಕ ನೋಡಿಕೊಳ್ಳುವವಳು. ವರದಿ ತಯಾರಿಸುವ ಪವರ್ ಬಿಐ ತಂತ್ರಾಂಶಕ್ಕೆ ಎಸ್‌ಕ್ಯೂಎಲ್ ಕ್ವೆರಿ (ಡೇಟಾಬೇಸಿನಿಂದ ಮಾಹಿತಿ ಕೇಳುವ ಆದೇಶ) ಅಂಟಿಸುವುದನ್ನು ತರಗತಿಯಲ್ಲಿ ಕಲಿಸಿದ್ದರು. ಆದರೆ ರಿಫ್ರೆಶ್ ಒತ್ತಿ ಟೀ ಕುಡಿದು ಬಂದರೂ ಮುಗಿಯುತ್ತಿರಲಿಲ್ಲ.

ಮೊನ್ನೆ ಪವರ್ ಬಿಐಯ ಹಂತಗಳನ್ನು ಬರಹವಾಗಿ ತೋರಿಸುವ ಅಡ್ವಾನ್ಸ್ಡ್ ಎಡಿಟರ್ ತೆರೆದೆ. ನನ್ನ ಕ್ವೆರಿ, ಆ ಹಂತಗಳನ್ನು ಬರೆಯುವ ‘ಎಂ’ ಭಾಷೆಯೊಳಗೆ ಒಂದೇ ಉದ್ದ ಸಾಲಾಗಿ ಕೂತಿತ್ತು. ಸಾಲು ಮುರಿದಲ್ಲೆಲ್ಲ ಹ್ಯಾಷ್ ಗುರುತು, ಬ್ರಾಕೆಟ್ಟಿನಲ್ಲಿ ಎಲ್‌ಎಫ್, ಅಂದರೆ ಹೊಸ ಸಾಲಿನ ಸಂಕೇತ. ಆಮೇಲೆ ಹಾಕಿದ ಫಿಲ್ಟರ್ ಡೇಟಾಬೇಸ್ ಇರುವ ಸರ್ವರ್‌ಗೆ ಹೋಗುತ್ತಲೇ ಇರಲಿಲ್ಲ. ಇಡೀ ದಾಸ್ತಾನು ನನ್ನ ಕಂಪ್ಯೂಟರಿಗೆ ಬಂದ ಮೇಲೆ ಇಲ್ಲಿ ಸೋಸುತ್ತಿತ್ತು!

ಕ್ವೆರಿ ಬಿಟ್ಟು ಟೇಬಲ್ಲನ್ನೇ ನೇರವಾಗಿ ಆರಿಸಿ ಫಿಲ್ಟರ್ ಹಾಕಿದೆ. ಆ ಹಂತದ ಮೇಲೆ ರೈಟ್ ಕ್ಲಿಕ್ ಮಾಡಿ ಸರ್ವರ್‌ಗೆ ಹೋಗುವ ಕ್ವೆರಿ ತೋರಿಸುವ ‘ವ್ಯೂ ನೇಟಿವ್ ಕ್ವೆರಿ’ ನೋಡಿದರೆ, ಸೋಸುವ ಷರತ್ತು ಹೇಳುವ ‘ವೇರ್’ ಸಾಲು ಅಲ್ಲೇ ಇತ್ತು. ಎಷ್ಟು ಖುಷಿಯಾಯಿತು ಗೊತ್ತಾ?

ಕಲಿಸುವವರು ಈ ಎರಡು ಜಾಗಗಳನ್ನು ಮೊದಲ ವಾರವೇ ತೋರಿಸಬಹುದಲ್ವಾ?

– ಓದುಗರೊಬ್ಬರು, ದಾವಣಗೆರೆ