ಒಂಬತ್ತು ರಾಜರ ಫೋಟೋ ಬಗ್ಗೆ

ಸ್ನೇಹಿತರೇ, ನಿನ್ನೆ ಗುಂಪಿಗೆ ಬಂದ ಒಂಬತ್ತು ರಾಜರ ಫೋಟೋ 1910ರ ಮೇ ತಿಂಗಳದ್ದು. ತೆಗೆದವರು ಡಬ್ಲ್ಯು. ಅಂಡ್ ಡಿ. ಡೌನಿ ಸ್ಟುಡಿಯೋದವರು, ಜಾಗ ವಿಂಡ್ಸರ್ ಕ್ಯಾಸಲ್. ಎಲ್ಲರೂ ಬ್ರಿಟನ್ ರಾಜ ಏಳನೇ ಎಡ್ವರ್ಡ್ ಅಂತ್ಯಕ್ರಿಯೆಗೆ ಬಂದವರು. ಸಾವಿನ ಮನೆಯಲ್ಲೂ ಎದೆ ತುಂಬಾ ಪದಕ ನೋಡಿ!

ಮುಂದಿನ ಸಾಲಿನ ನಡುವೆ ಕೂತವರು ಎಡ್ವರ್ಡ್ ಮಗ, ಬ್ರಿಟನ್‌ನ ಹೊಸ ರಾಜ ಐದನೇ ಜಾರ್ಜ್. ಕೆಲವರು ರಷ್ಯಾದ ಎರಡನೇ ನಿಕೋಲಸ್ ಅಂದುಕೊಂಡಿದ್ದೀರಿ. ಅವರು ಈ ಚಿತ್ರದಲ್ಲಿ ಇಲ್ಲವೇ ಇಲ್ಲ. ತಪ್ಪಾಗುವುದು ಸಹಜ ಬಿಡಿ. ಇಬ್ಬರ ತಾಯಂದಿರು ಅಕ್ಕತಂಗಿಯರು, ಗಡ್ಡ ಮೀಸೆಯೂ ಒಂದೇ ಥರ. 1913ರಲ್ಲಿ ಬರ್ಲಿನ್‌ನಲ್ಲಿ ಇಬ್ಬರೂ ಜರ್ಮನ್ ಸಮವಸ್ತ್ರ ತೊಟ್ಟು ತೆಗೆಸಿಕೊಂಡ ಫೋಟೋ ಬೇರೆಯೇ ಇದೆ. ಮರುವರ್ಷ ಅದೇ ಜರ್ಮನಿ ಮೇಲೆ ಯುದ್ಧ!

ನನ್ನ ಕಣ್ಣು ಮಾತ್ರ ಹಿಂದೆ ನಿಂತ ಪೋರ್ಚುಗಲ್‌ನ ಎರಡನೇ ಮಾನುವೆಲ್ ಮೇಲೇ ಹೋಗುತ್ತದೆ. ಆಗಿನ್ನೂ 20 ವರ್ಷ. ಅದೇ ಅಕ್ಟೋಬರ್‌ನಲ್ಲಿ ಸಿಂಹಾಸನ ಹೋಯಿತು.

ಇನ್ನು ಮುಂದೆ ಸುಮ್ನೆ ಫಾರ್ವರ್ಡ್ ಮಾಡಬೇಡಿ. ಹೆಸರು, ಊರು, ಇಸವಿ ಬರೆದು ಹಾಕಿ. ಬಣ್ಣ ಹಚ್ಚಿದ ಪ್ರತಿಗಿಂತ ಮೂಲದ ಕಪ್ಪುಬಿಳುಪೇ ಇರಲಿ.