ಎಚ್‌ಡಿ ಬಾಡಿಗೆ ತೆಗೆದುಕೊಂಡು ಮಸುಕು ರಾಮಾಯಣ ತೋರಿಸಿದ ಬಗ್ಗೆ ದೂರು

ಇವರಿಗೆ,
ಕುಂದುಕೊರತೆ ಅಧಿಕಾರಿಗಳು,
ಗ್ರಾಹಕ ಸೇವಾ ವಿಭಾಗ

ವಿಷಯ: ಎಚ್‌ಡಿ ಬಾರದ ಟ್ಯಾಬ್‌ಗೆ ಎಚ್‌ಡಿ ದರ ವಸೂಲಿ ಮಾಡಿದ್ದು, ಹೆಚ್ಚುವರಿ ಹಣ ಹಿಂದಿರುಗಿಸುವ ಕುರಿತು

ಮಾನ್ಯರೇ,

ನಿಮ್ಮ ಆ್ಯಪ್‌ನಲ್ಲಿ ‘ರಾಮಾಯಣ: ದಿ ಲೆಜೆಂಡ್ ಆಫ್ ಪ್ರಿನ್ಸ್ ರಾಮ’ ಆನಿಮೇಷನ್ ಸಿನಿಮಾವನ್ನು ಬಾಡಿಗೆಗೆ ಪಡೆದೆ. ಎಸ್‌ಡಿಗೆ (ಸಾಧಾರಣ ಸ್ಪಷ್ಟತೆ) 80 ರೂಪಾಯಿ, ಎಚ್‌ಡಿಗೆ (ಹೆಚ್ಚು ಸ್ಪಷ್ಟತೆ) 130 ರೂಪಾಯಿ ಎಂದಿತ್ತು. ಎಚ್‌ಡಿ ಆರಿಸಿ, ಯುಪಿಐನಲ್ಲಿ ಹಣ ಕಟ್ಟಿ, ಮನೆಯ ವೈಫೈನಲ್ಲೇ ಟ್ಯಾಬ್‌ಗೆ ಡೌನ್‌ಲೋಡ್ ಮಾಡಿಕೊಂಡೆ. ಮೈಸೂರಿನಿಂದ ಮಂಗಳೂರಿಗೆ ರೈಲಿನಲ್ಲಿ ಹೋಗುವಾಗ ಮಕ್ಕಳಿಗೆ ತೋರಿಸಲೆಂದು. ಸಕಲೇಶಪುರ ದಾಟಿದ ಮೇಲೆ ಘಟ್ಟದ ಸುರಂಗಗಳಲ್ಲಿ ನೆಟ್‌ವರ್ಕ್ ನಂಬಿ ಕೂರುವ ಹಾಗಿಲ್ಲ.

ಪರದೆಯ ಮೇಲೆ ಬಂದದ್ದು ಬರೀ 480ಪಿ, ಅಂದರೆ ಎಸ್‌ಡಿ ಮಟ್ಟದ ಚಿತ್ರ. ಬೇರೆ ಸಿನಿಮಾ ಆಗಿದ್ದರೆ ಸುಮ್ಮನಿರುತ್ತಿದ್ದೆನೋ ಏನೋ. ಇದು 1990ರ ದಶಕದ ಆರಂಭದಲ್ಲಿ ಯುಗೋ ಸಾಕೋ, ರಾಮ್ ಮೋಹನ್, ಕೊಯಿಚಿ ಸಾಸಾಕಿ ಮೂವರೂ ಸೇರಿ ನಿರ್ದೇಶಿಸಿದ, ಕೈಯಲ್ಲೇ ಚಿತ್ರ ಬಿಡಿಸಿ ಮಾಡಿದ ಜಪಾನ್–ಭಾರತ ಜಂಟಿ ಸಿನಿಮಾ. 4ಕೆ ರೂಪ ಕೊಟ್ಟು 2025ರ ಜನವರಿ 24ರಂದು ನಮ್ಮ ಚಿತ್ರಮಂದಿರಗಳಿಗೂ ಬಿಟ್ಟರು. ಕಥೆ ಮಕ್ಕಳಿಗೆ ಅಜ್ಜಿಯಿಂದಲೇ ಗೊತ್ತು. ಇಲ್ಲಿ ನೋಡಬೇಕಾದದ್ದು ಗೆರೆ, ಬಣ್ಣ. ಲಂಕೆ ಹೊತ್ತಿ ಉರಿಯುವಾಗ ಕಪ್ಪು ಆಕಾಶವೆಲ್ಲ ಚೌಕ ಚೌಕವಾಗಿ ಒಡೆಯಿತು. ಇದರಲ್ಲಿ ಹನುಮಂತ ಯಾವುದು, ಹೊಗೆ ಯಾವುದು ಎಂದು ಮಗಳು ಕೇಳಿದಳು. ಕುಂಭಕರ್ಣ ಮಾತ್ರ ಗಾತ್ರದ ಪುಣ್ಯದಿಂದ ಕಂಡ.

ಗ್ರಾಹಕ ಸೇವೆಗೆ ಫೋನ್ ಮಾಡಿದರೆ ‘ಇಂಟರ್‌ನೆಟ್ ನಿಧಾನ ಇರಬಹುದು, ರೌಟರ್ ಆಫ್ ಮಾಡಿ ಆನ್ ಮಾಡಿ ಸರ್’ ಎಂದರು. ಡೌನ್‌ಲೋಡ್ ಆಗಿ ಟ್ಯಾಬ್‌ನಲ್ಲೇ ಕೂತಿರುವ ಸಿನಿಮಾಕ್ಕೂ ರೌಟರಿಗೂ ಏನು ಸಂಬಂಧ? ನಿಜವಾದ ಕಾರಣ ಬೇರೆಯೇ ಇದೆ, ಅದು ನಿಮಗೂ ಗೊತ್ತು. ಸಿನಿಮಾ ನಕಲಾಗದಂತೆ ಹಾಕುವ ಡಿಜಿಟಲ್ ಬೀಗಕ್ಕೆ ವೈಡ್‌ವೈನ್ ಎಂದು ಹೆಸರು; ನನ್ನ ಟ್ಯಾಬ್‌ನಲ್ಲಿರುವುದು ಅದರ ಕೆಳಗಿನ ಭದ್ರತಾ ಮಟ್ಟವಾದ ಎಲ್3, ಮೇಲಿನದು ಎಲ್1. ಎಲ್1 ಇರುವ ಸಾಧನದಲ್ಲಿ ಸಿನಿಮಾದ ಬೀಗ ಬಿಚ್ಚುವ ಕೆಲಸ ಚಿಪ್‌ನ ಸುರಕ್ಷಿತ ಭಾಗದೊಳಗೇ ನಡೆಯುತ್ತದೆ. ಎಲ್3ನಲ್ಲಿ ಎಲ್ಲವೂ ಬರೀ ಸಾಫ್ಟ್‌ವೇರ್. ನಕಲು ಮಾಡಿಯಾರು ಎಂಬ ಭಯಕ್ಕೆ ಅಂಥ ಸಾಧನಗಳಿಗೆ ಎಚ್‌ಡಿ ತಡೆಹಿಡಿಯುತ್ತಾರೆ. ತಡೆಯಿರಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ನಾನು ಹಣ ಕಟ್ಟಿದ್ದು ಅದೇ ಟ್ಯಾಬ್‌ನಿಂದ. ಅದರ ಮಟ್ಟ ಯಾವುದೆಂದು ನಿಮ್ಮ ಆ್ಯಪ್‌ ಕ್ಷಣದಲ್ಲಿ ತಿಳಿದುಕೊಳ್ಳಬಲ್ಲದು. ಚಿತ್ರ ಕಳಿಸುವಾಗ ತಿಳಿದುಕೊಂಡೇ 480ಪಿ ಕಳಿಸಿತು. ಹಣ ಕೇಳುವಾಗ ಮಾತ್ರ ಎಚ್‌ಡಿ ಗುಂಡಿ ತೋರಿಸಿತು.

ಇನ್ನೊಂದು ಸಣ್ಣ ವಿಷಯ. ಕುಂಭಕರ್ಣನ ತನಕ ಹೋಗುವಾಗ ನೋಡಿ, ಉಳಿದದ್ದನ್ನು ಬರುವಾಗ ನೋಡೋಣ ಎಂದು ಮಕ್ಕಳು ಎತ್ತಿಟ್ಟರು. ಪ್ಲೇ ಒತ್ತಿ 48 ಗಂಟೆಯಾಯಿತೆಂದು ಬರುವಾಗ ಬೀಗ ಬಿದ್ದಿತ್ತು. ರಾವಣವಧೆ ಬಾಕಿ. ಷರತ್ತು ಷರತ್ತೇ, ಒಪ್ಪುತ್ತೇನೆ. ಎರಡೂಕಾಲು ಗಂಟೆಯ ಸಿನಿಮಾವನ್ನು ಮಕ್ಕಳು ಒಂದೇ ಸಲಕ್ಕೆ ನೋಡುವುದಿಲ್ಲ. ಇನ್ನೆಷ್ಟು ಗಂಟೆ ಉಳಿದಿದೆ ಎಂದು ಡೌನ್‌ಲೋಡ್ ಪಟ್ಟಿಯಲ್ಲಿ ತೋರಿಸಿದರೆ ಸಾಕು.

ನನ್ನ ಬೇಡಿಕೆ 50 ರೂಪಾಯಿ. ಕೂಪನ್ ಬೇಡ, ಮುಂದಿನ ಬಾಡಿಗೆಗೆ ರಿಯಾಯಿತಿಯೂ ಬೇಡ, ಹಣ ಬಂದ ಖಾತೆಗೇ ಹಣ ಹೋಗಲಿ. ಎಚ್‌ಡಿ ಬಾರದ ಸಾಧನದಲ್ಲಿ ಆ ಗುಂಡಿಯನ್ನೇ ತೆಗೆಯಿರಿ, ಇಲ್ಲವೇ ಹಣ ಕಟ್ಟುವ ಮೊದಲೇ ಕಾಣುವ ಅಕ್ಷರದಲ್ಲಿ ಹೇಳಿ. ಗ್ರಾಹಕ ಸಂರಕ್ಷಣೆ (ಇ-ಕಾಮರ್ಸ್) ನಿಯಮಗಳು, 2020ರ ಪ್ರಕಾರ ಈ ದೂರು ತಲುಪಿದೆಯೆಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಅದರಾಚೆಗೆ ಜಿಲ್ಲಾ ಗ್ರಾಹಕ ಆಯೋಗ. 5 ಲಕ್ಷದ ತನಕದ ವ್ಯಾಜ್ಯಕ್ಕೆ ಅಲ್ಲಿ ಶುಲ್ಕವಿಲ್ಲ, 50 ರೂಪಾಯಿಗೂ ಹೋಗಬಹುದು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಚಂದಾದಾರ, ಮೈಸೂರು

ಲಗತ್ತು: ಪಾವತಿ ರಸೀದಿ, ಟ್ಯಾಬ್ ಪರದೆಯ ಫೋಟೊಗಳು (ಸ್ಕ್ರೀನ್‌ಶಾಟ್ ತೆಗೆಯಲು ನಿಮ್ಮ ಆ್ಯಪ್ ಬಿಡದ ಕಾರಣ ಬೇರೆ ಫೋನಿನಲ್ಲಿ ತೆಗೆದದ್ದು. ಮಸುಕು ಫೋಟೊದ್ದಲ್ಲ.)